ಎರಡು ಫೋನು, ಏಳು ಕಲ್ಪ

ವಿಜಯದಶಮಿಯ ಬೆಳಿಗ್ಗೆ ಅಜ್ಜಂಪುರದಲ್ಲಿ ತನ್ನ ದೊಡ್ಡಮ್ಮ ದ್ಯಾವಮ್ಮನ ಜಗಲಿಯ ಮೇಲೆ ವನಜಾಕ್ಷಿ ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದಳು. ಒಂದು ದೊಡ್ಡಮ್ಮನದು, ಇನ್ನೊಂದು ತನ್ನದು. ಎರಡರಲ್ಲೂ ತೆರೆದದ್ದು ದ್ಯಾವಮ್ಮನ ಖಾತೆಯೇ. ದೊಡ್ಡಮ್ಮನ ಫೋನು ಏಳು ಕಲ್ಪ ಇದೆ ಅನ್ನುತ್ತಿತ್ತು. ವನಜಾಕ್ಷಿಯ ಫೋನು ಸೊನ್ನೆ ಅನ್ನುತ್ತಿತ್ತು.

"ನೆಟ್ಟು ಸರಿಗಿಲ್ಲ ಅನ್ಸುತ್ತೆ," ಅಂದಳು. ಹಾಗಂದುಕೊಂಡು ಫೋನನ್ನು ಎರಡು ಸಲ ಆರಿಸಿ ಹಚ್ಚಿದಳು. ನೆಟ್ಟು ಚೆನ್ನಾಗಿಯೇ ಇತ್ತು.

ಏಳು ಕಲ್ಪ ಅಂದರೆ ದ್ಯಾವಮ್ಮನ ಜೋಡಿ ಎತ್ತು. ಕರುವಾಗಿನಿಂದ ಸಾಕಿದ್ದವು. ಮಂಡಿ ನೋವಿನಿಂದ ಇನ್ನು ಉಳುಮೆ ಆಗುವುದಿಲ್ಲ, ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿಕೊಂಡಿರೋಣ ಎಂದು ನಿನ್ನೆ ಮಧ್ಯಾಹ್ನ ಚೌಳಹಿರಿಯೂರಿನ ಸಿದ್ದಪ್ಪನಿಗೆ ಕೊಟ್ಟಿದ್ದಳು. ಸಿದ್ದಪ್ಪ ದನದ ವ್ಯಾಪಾರಿ. ಇದೇ ಜಗಲಿಯ ಮೇಲೆ ಕೂತು, ನಾಲ್ಕು ಜನರ ಮುಂದೆ ಫೋನು ಒತ್ತಿ ಕಲ್ಪ ಕಳಿಸಿದ್ದ. ನೋಟು ಕೊಡು ಎಂದು ಕೇಳಬಹುದಿತ್ತು ದ್ಯಾವಮ್ಮ. ಕೇಳಲಿಲ್ಲ. ಕಲ್ಪ ಎನ್ನುವುದು ಅವಳ ತಂಗಿಯ ಮಗಳು ಮಾಡಿದ್ದಲ್ಲವೇ?

ಹೌದು, ವನಜಾಕ್ಷಿ ಮಾಡಿದ್ದೇ. ಅವಳು ತರೀಕೆರೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಕೊಬ್ಬರಿ ಬೆಳೆಗಾರರ ಒಂದು ಕೂಟಕ್ಕೆಂದು ಈ ನಾಣ್ಯವನ್ನು ಕಟ್ಟಿಕೊಟ್ಟಿದ್ದಳು. ಕೂಟದ ಗೋದಾಮಿನಲ್ಲಿ ಒಂದು ಕ್ವಿಂಟಾಲ್ ಕೊಬ್ಬರಿ ಇಟ್ಟರೆ ಒಂದು ಕಲ್ಪ. ಲೆಕ್ಕ ಯಾರೊಬ್ಬರ ಕೈಯಲ್ಲೂ ಇಲ್ಲ. ಕಡೂರಿನಲ್ಲಿ ಒಂದು, ತರೀಕೆರೆಯ ಅವಳ ಮನೆಯಲ್ಲಿ ಒಂದು, ಅಜ್ಜಂಪುರದಲ್ಲಿ ಒಂದು, ಹೀಗೆ ಮೂರು ಯಂತ್ರಗಳು ಒಂದರ ಬರಹವನ್ನು ಇನ್ನೊಂದು ಪರೀಕ್ಷಿಸುತ್ತ ಒಂದೇ ಸರಪಳಿಯನ್ನು ಉದ್ದ ಮಾಡುತ್ತ ಹೋಗುತ್ತವೆ. ಎರಡು ವರ್ಷ ಒಂದು ಕೂದಲೂ ಕೊಂಕಿರಲಿಲ್ಲ.

ಈಚೆಗೆ ಯಾರದೋ ಫೋನು ಕಳುವಾಗಿ ಕಲ್ಪವೂ ಹೋಯಿತು. ಆಗ ವನಜಾಕ್ಷಿ ಹೊಸ ನಿಯಮ ತಂದಳು: ದೊಡ್ಡ ಮೊತ್ತ ಕಳಿಸಲು ಮನೆಯ ಇಬ್ಬರ ರುಜು ಬೇಕು. ಮಹಾನವಮಿಯಿಂದ ಜಾರಿ. ಕಡೂರಿನ ಸಭೆಯಲ್ಲಿ ಅಜ್ಜಂಪುರದ ಯಂತ್ರ ನೋಡಿಕೊಳ್ಳುವ ಜೆರಾಕ್ಸ್ ಅಂಗಡಿಯ ಹೊನ್ನೇಶ್ ಎದ್ದು ನಿಂತು, "ಮೇಡಂ, ನನ್ನ ಯಂತ್ರಕ್ಕೆ ಇನ್ನೂ ಹೊಸದು ಹಾಕಿಲ್ಲ. ಅಷ್ಟರೊಳಗೆ ಆಗ್ದಿದ್ರೆ ಸರಪಳಿ ಒಡ್ದು ಎರಡಾಗಲ್ವಾ?" ಎಂದು ಕೇಳಿದ್ದ.

ವನಜಾಕ್ಷಿ ನಕ್ಕಿದ್ದಳು. ಓದಿದವರು ಓದದವರ ಮುಂದೆ ನಗುವ ಆ ನಗು. "ಎರಡು ರುಜು ಇರೋ ಚೀಟೀನ ಒಂದೇ ರುಜು ಕೇಳೋನು ಬೇಡ ಅಂತಾನಾ? ಒಪ್ಪೇ ಒಪ್ತಾನೆ. ಹಳೇದು ಹಳೇದಾಗೇ ಇರ್ಲಿ, ನಿಧಾನಕ್ಕೆ ಹಾಕೋಣ. ಒಡೆಯೋ ಮಾತೇ ಇಲ್ಲ," ಅಂದಿದ್ದಳು. ಚಪ್ಪಾಳೆಯೂ ಬಿದ್ದಿತ್ತು.

ಈಗ ಜಗಲಿಯ ಮೇಲೆ ಆ ಮಾತಿನ ಇನ್ನೊಂದು ಮಗ್ಗುಲು ಅವಳ ಎದೆಗೆ ಒದ್ದ ಹಾಗಾಯಿತು. ಒಂದೇ ರುಜುವಿನ ಚೀಟಿಯನ್ನು ಎರಡು ರುಜು ಕೇಳುವವನು ಒಪ್ಪುವುದಿಲ್ಲ! ಸಿದ್ದಪ್ಪ ಹಳೇ ಪದ್ಧತಿಯಂತೆ ಒಬ್ಬನೇ ರುಜು ಹಾಕಿ ಕಳಿಸಿದ್ದ. ಅಜ್ಜಂಪುರದ ಹಳೇ ಯಂತ್ರ ಸಲೀಸಾಗಿ ಬರೆದುಕೊಂಡಿತು. ತರೀಕೆರೆಯದು ಮುಖ ತಿರುಗಿಸಿತು. ಅಲ್ಲಿಂದ ಮುಂದೆ ಎರಡೂ ತಮ್ಮ ತಮ್ಮ ದಾರಿ ಹಿಡಿದು ಬೇರೆ ಬೇರೆ ಸರಪಳಿ ಕಟ್ಟುತ್ತ ಹೋಗಿದ್ದವು. ದೊಡ್ಡಮ್ಮನ ಫೋನು ಅಜ್ಜಂಪುರದ ಯಂತ್ರದ ಲೆಕ್ಕ ತೋರಿಸುತ್ತಿತ್ತು, ತನ್ನದು ತರೀಕೆರೆಯದರದು.

ಆದರೆ ಕಡೂರು? ಕಡೂರಿನ ಯಂತ್ರಕ್ಕೆ ಹೊಸ ನಿಯಮ ಹಾಕಿತ್ತು. ಹೊಸದರ ಕಡೆ ಇಬ್ಬರಿದ್ದರೆ ಅದೇ ಬೇಗ ಉದ್ದವಾಗಿ, ಹಳೆಯದರ ಕವಲು ನಿನ್ನೆಯೇ, ನಿಮಿಷಗಳಲ್ಲೇ, ಸೋತು ಹೋಗಬೇಕಿತ್ತು. ಆಗ ಎತ್ತಿನ ಹಗ್ಗ ಕೈ ಬದಲಾಗುವ ಮೊದಲೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಅವಳು ಯಂತ್ರಗಳ ದಿನಚರಿ ತೆರೆದು ನೋಡಿದಳು. ಕಡೂರು ನಿನ್ನೆ ಬೆಳಿಗ್ಗೆ ಒಂಬತ್ತರಿಂದ ಸದ್ದಿಲ್ಲ.

ಅಲ್ಲಿ ಯಂತ್ರ ನೋಡಿಕೊಳ್ಳುವವನು ಕೊಬ್ಬರಿ ಮಂಡಿಯ ತೀರ್ಥೇಶ್. ಅವನ ಫೋನು ಸ್ವಿಚ್ ಆಫ್. ಅವನ ಹೆಂಡತಿ ಸ್ಪಂದನಾಗೆ ಫೋನು ಮಾಡಿದಳು.

"ಅವ್ರ ಫೋನು ದೇವ್ರ ಮುಂದೈತೆ ಮೇಡಂ. ಆಯುಧಪೂಜೆ ಅಲ್ವಾ? ಫೋನು, ತಕ್ಕಡಿ, ನಿಮ್ಮ ಯಂತ್ರ, ಎಲ್ಲಾ ನಿನ್ನೆ ಆರಿಸಿ ಅರಿಶಿನ ಕುಂಕುಮ ಇಟ್ಟು ಚೆಂಡುಹೂವು ಹಾಕಿದ್ವಿ. ನಿಮ್ಮ ಯಂತ್ರಕ್ಕೆ ಬೂದುಗುಂಬಳಾನೇ ಒಡೆದ್ವಿ ನೋಡಿ!"

ವನಜಾಕ್ಷಿಯ ಅಪ್ಪ ಅಂಜಿನಪ್ಪ ದೀಕ್ಷೆ ತೆಗೆದುಕೊಂಡು ಬೌದ್ಧರಾದ ಮೇಲೆ ಮನೆಯಲ್ಲಿ ಆಯುಧಪೂಜೆ ನಿಂತು ಇಪ್ಪತ್ತು ವರ್ಷವಾಗಿತ್ತು. ಕಾಲೇಜಿಗೆ ರಜ, ವ್ಯಾಪಾರವೂ ಕಡಿಮೆ ಎಂದು ಹೊಸ ನಿಯಮಕ್ಕೆ ಮಹಾನವಮಿಯನ್ನೇ ಗೊತ್ತುಮಾಡಿದವಳು ಅವಳು. ಇಡೀ ಸೀಮೆ ಯಂತ್ರಗಳನ್ನು ಆರಿಸಿ ಕೈಮುಗಿಯುವ ದಿನ ಅದು ಎನ್ನುವುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಎಂಥ ಪೆದ್ದಿ!

"ಸ್ಪಂದನಾ, ಯಂತ್ರ ಹಚ್ಬೇಡಿ ಅಂತ ಹೇಳು ಅವ್ರಿಗೆ. ನಾನು ಹೇಳೋತನಕ ಹಚ್ಲೇಬೇಡಿ!"

"ಅಯ್ಯೋ, ಈಗ ತಾನೇ ಮಂಗಳಾರತಿ ಮಾಡಿ ಹಚ್ಚಿದ್ರಲ್ಲ ಮೇಡಂ."

"ಆರ್ಸು! ಓಡಿ ಹೋಗಿ ಆರ್ಸು!"

"ದಶಮಿ ದಿನ ಪೂಜೆ ಮಾಡಿ ಹಚ್ಚಿದ್ದನ್ನ ಆರಿಸೋದಾ? ಬಿಡ್ತು ಅನ್ನಿ ಮೇಡಂ!" ಸ್ಪಂದನಾ ನಿಜಕ್ಕೂ ಹೆದರಿ ಫೋನು ಇಟ್ಟುಬಿಟ್ಟಳು. ಮತ್ತೆ ಫೋನು ಮಾಡಿದರೆ ಎತ್ತಲಿಲ್ಲ.

ತರೀಕೆರೆಗೆ ಹೋಗಿ ತನ್ನ ಯಂತ್ರವನ್ನೇ ಹಳೇ ನಿಯಮಕ್ಕೆ ತಿರುಗಿಸಿದರೆ ದೊಡ್ಡಮ್ಮನ ಕಲ್ಪ ಉಳಿಯುತ್ತಿತ್ತು. ಆದರೆ ಮನೆಗೆ ಬೀಗ, ದಾರಿ ಮುಕ್ಕಾಲು ಗಂಟೆಯದು. ಆದರೂ ವನಜಾಕ್ಷಿ ಸ್ಕೂಟರಿನ ಕೀಲಿ ಹಿಡಿದು ಎದ್ದಳು. ಕಡೂರೂ ತರೀಕೆರೆಯೂ ಸೇರಿ ಹೊಸ ಕವಲನ್ನು ದಡದಡನೆ ಉದ್ದ ಮಾಡುತ್ತಿದ್ದವು. ಉದ್ದ ಯಾವುದೋ ಅದನ್ನೇ ನಂಬು ಎಂದು ಹಳೇ ಯಂತ್ರಕ್ಕೆ ಕಲಿಸಿದವಳೂ ಅವಳೇ. ಚಪ್ಪಲಿ ಮೆಟ್ಟುವಷ್ಟರಲ್ಲಿ ಹೊನ್ನೇಶನ ಫೋನು ಬಂತು.

"ಮೇಡಂ, ನಮ್ಮ ಯಂತ್ರ ತಾನು ಬರ್ದಿದ್ದನ್ನ ತಾನೇ ನುಂಗ್ತಾ ಐತೆ! ನಿನ್ನೆ ಮಧ್ಯಾಹ್ನದ್ದೆಲ್ಲಾ ಹೋಯ್ತು!"

ಅವಳು ಜಗಲಿಯ ಕಡೆ ತಿರುಗಿದಳು. ದೊಡ್ಡಮ್ಮನ ಫೋನಿನಲ್ಲಿ ಈಗ ಸೊನ್ನೆ. ಕೆಳಗೆ ಸಿದ್ದಪ್ಪನ ಹೆಸರೂ ಇಲ್ಲ. ಕಳೆದುಹೋಗಿದೆ ಅಂತಲೂ ಅಲ್ಲ. ಬಂದೇ ಇರಲಿಲ್ಲ ಅನ್ನುವಂತೆ. ವನಜಾಕ್ಷಿ ಸ್ಕೂಟರಿನ ಕೀಲಿ ಕೆಳಗಿಟ್ಟು ಅಲ್ಲೇ ಕೂತಳು.

ದ್ಯಾವಮ್ಮ ಒಳಗಿನಿಂದ ಒಬ್ಬಟ್ಟಿನ ತಟ್ಟೆ ಹಿಡಿದು ಬಂದಳು. "ಯಾಕ್ ಮಗಾ, ಮುಖ ಹಂಗ್ ಮಾಡ್ಕಂಡಿದ್ದೀಯ? ತಿನ್ನು."

ವನಜಾಕ್ಷಿ ಸಿದ್ದಪ್ಪನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿದಳು. "ಸಿದ್ದಪ್ಪನೋರೆ, ನಿಮ್ಮ ಏಳು ಕಲ್ಪ ನಿಮ್ಗೇ ವಾಪಸ್ ಬಂದೈತೆ. ದಯವಿಟ್ಟು ದೊಡ್ಡಮ್ಮಂಗೆ ಮತ್ತೆ ಕಳಿಸಿ."

"ನೋಡ್ದೆ ಕಣಮ್ಮ," ಅಂದ ಸಿದ್ದಪ್ಪ, ಅವಸರವೇ ಇಲ್ಲದೆ. "ಆದ್ರೆ ನಾನು ನಿನ್ನೇನೇ ಕೊಟ್ಟಾಯ್ತಲ್ಲ? ನಾಲ್ಕು ಜನ ನೋಡವ್ರೆ. ಒಂದ್ಸಲ ಕೊಟ್ಟೋನು ಇನ್ನೊಂದ್ಸಲ ಯಾಕ್ ಕೊಡ್ಬೇಕು? ನನ್ನ ಫೋನಾಗೆ ಇರೋದು ನಂದು. ಅವ್ರದ್ದು ಎಲ್ಲಿ ಹೋಯ್ತೋ ಯಂತ್ರದೋರ್ನ ಕೇಳ್ಲಿ."

"ಹಂಗಾರೆ ಎತ್ತು ವಾಪಸ್ ಕೊಡಿ!"

"ಎತ್ತು ರಾತ್ರೀನೇ ದಾವಣಗೆರೆ ಲಾರಿ ಹತ್ತಿದ್ವು," ಎಂದು ಅವನು ಫೋನಿಟ್ಟ.

ಹಾಡಹಗಲೇ ಇಂಥದ್ದೊಂದು ಮೋಸ, ಅದೂ ಇಷ್ಟು ತಣ್ಣಗೆ! ವನಜಾಕ್ಷಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವನ ಮೋಸಕ್ಕೆ ಬಾಗಿಲು ತೆರೆದುಕೊಟ್ಟವಳು ತಾನು ಎನ್ನುವುದು ಬಿಟ್ಟರೆ ಇನ್ನೇನೂ ಹೊಳೆಯಲಿಲ್ಲ.

ದ್ಯಾವಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಅವ್ನು ಕೊಟ್ಟಿದ್ದು ದಿಟ್ವಾ?"

"ದಿಟ ದೊಡ್ಡಮ್ಮ."

"ನಂಗೆ ಬಂದಿದ್ದೂ ದಿಟ್ವಾ?"

"ಬಂದಿತ್ತು."

"ಈಗ?"

"ಇಲ್ಲ. ನಾನು ತುಂಬ್ಕೊಡ್ತೀನಿ ದೊಡ್ಡಮ್ಮ. ನನ್ನ ಸಂಬಳದಾಗೆ..."

ಮುದುಕಿ ಎರಡು ಫೋನುಗಳನ್ನೂ ಎತ್ತಿ ವನಜಾಕ್ಷಿಯ ಮಡಿಲಿಗೆ ಹಾಕಿದಳು, ತನ್ನದನ್ನೂ ಸೇರಿಸಿ. ಸೆರಗಿನಿಂದ ಕೈ ಒರೆಸಿಕೊಂಡಳು. ಹೊರಗಿನವರನ್ನು ಕಳಿಸಿಕೊಡುವಾಗ ನಿಲ್ಲುವಂತೆ ಜಗಲಿಯ ತುದಿಗೆ ಹೋಗಿ ನಿಂತಳು.

"ಬಿಸ್ಲು ಏರ್ತಾ ಐತೆ," ಅಂದಳು. "ನೀವು ಹೊರಡಿ ಮೇಡಂ."