ಮಚ್ಚೇಂದ್ರ ಮೊದಲು ಬಾಗಿಲು ಕೊಂಡ

ಮನೆ ಖಾಲಿ ಮಾಡಿ ಎಂಬ ಮಾತು ಬಾಡಿಗೆದಾರರ ಕಿವಿಗೆ ಹೇಗೆ ಬೀಳುತ್ತದೆ ಎಂದು ನಿಮಗೂ ಗೊತ್ತು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಆ ಮಾತು ಬಿದ್ದಾಗ, ಅದರ ಸದ್ದಿಗೆ ಹರದಾರಿಗಳಾಚೆಯ ಹುಲಸೂರಿನ ಮರಗಳಿಂದ ಕಾಗೆಗಳು ಹಾರಿದವು. ನಾನು ಇಲ್ಲಿಂದಲೇ ನೋಡಿದ್ದೇನೆ.

ಮಾತು ಬಿದ್ದದ್ದು ನನ್ನ ಪಕ್ಕದ ಮನೆಯ ಮಚ್ಚೇಂದ್ರನಿಗೆ. ಬಸ್ ನಿಲ್ದಾಣದ ಎದುರು ಅವನದೊಂದು ಸೈಕಲ್ ಅಂಗಡಿ. ಮನೆಯೊಡತಿ ಮಾಣಿಕಮ್ಮ ಕೆಟ್ಟವಳಲ್ಲ. "ಮಗನ ಲಗ್ನ ಆಗ್ಯಾದ, ಸೊಸಿ ಬರಾಕತ್ತಾಳ. ಮಳಿಗಾಲ ಹತ್ತೂದ್ರಾಗ ಜಾಗಾ ಬೇಕು ನೋಡಪ್ಪಾ" ಎಂದು ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದಳು.

ಮಚ್ಚೇಂದ್ರನ ಹೆಂಡತಿ ಕಮಳಾಬಾಯಿ ಆಗ ಬಸುರಿ. ಮಳೆಗಾಲದಲ್ಲೇ ಹೆರಿಗೆ. ತವರಿನಲ್ಲಿ ತಾಯಿ ಇಲ್ಲ. ಮುಂದೆ ಯಾವ ಮನೆ ಸಿಗುತ್ತದೋ ಅಲ್ಲೇ ಬಾಣಂತನ.

"ಬಾಡಿಗಿ ಸಾಕು. ಈ ಸಲ ಸ್ವಂತ ಮನಿ" ಎಂದ ಮಚ್ಚೇಂದ್ರ. ಗಂಡಹೆಂಡತಿ ಹೊಟ್ಟೆ ಬಾಯಿ ಕಟ್ಟಿ ಅಂಚೆ ಕಚೇರಿಯಲ್ಲಿ ಇಟ್ಟ ದುಡ್ಡಿತ್ತು. ಆ ವಾರವೇ ಅದರಲ್ಲಿ ಒಂದಷ್ಟು ತೆಗೆದು ಕಿಸೆಯಲ್ಲಿಟ್ಟುಕೊಂಡ. ಟೈರು ತರಲು ಹುಮನಾಬಾದಿಗೆ ಹೋದವನು ಸಂಜೆ ಲಾರಿಯಲ್ಲಿ ಒಂದು ಬಾಗಿಲು ತಂದ.

ಅಲ್ಲಿ ಯಾರದೋ ಹಳೆಯ ವಾಡೆ, ದೊಡ್ಡ ಮನೆ, ಕೆಡವಿ ಕಟ್ಟಿಗೆ ಮಾರುತ್ತಿದ್ದರಂತೆ. ಸಾಗವಾನಿ ಬಾಗಿಲು, ಚೌಕಟ್ಟು ಸಮೇತ. ಮೇಲೆಲ್ಲ ಗಿಳಿ, ಕಮಲದ ಕೆತ್ತನೆ. ನಾನು ಹೆಚ್ಚು ಹೇಳುವವನಲ್ಲ: ಎರಡು ಆನೆಗಳು ಜೋಡಿಯಾಗಿ ಹರಟೆ ಹೊಡೆಯುತ್ತ ಅದರೊಳಗೆ ಹಾಯಬಹುದಿತ್ತು. ಲಾರಿಯಿಂದ ಅದನ್ನು ಇಳಿಸಿದವನು ನಾನೊಬ್ಬನೇ. ಉಳಿದ ಏಳು ಮಂದಿ ಸುಮ್ಮನೆ ಕೈ ತಾಗಿಸಿಕೊಂಡಿದ್ದರು.

ಕಮಳಾಬಾಯಿ ಹೊರಗೆ ಬಂದಳು. "ಇದೇನ್ರಿ?"

"ಬಾಗಿಲಾ."

"ಮತ್ತ ಮನಿ ಎಲ್ಲಿ ಅದ?"

"ಹುಡುಕಿದ್ರಾತು."

ಅಂದಿನಿಂದ ಮನೆ ಹುಡುಕುವುದೆಂದರೆ ಆ ಬಾಗಿಲಿಗೆ ಗಂಡು ನೋಡಿದ ಹಾಗಾಯಿತು. ಬಾಗಿಲಿನ ಅಳತೆಗೆ ಗಂಟು ಹಾಕಿದ ಒಂದು ದಾರ ಹಿಡಿದುಕೊಂಡು ಮಚ್ಚೇಂದ್ರ ಓಣಿ ಓಣಿ ತಿರುಗಿದ. ಹೊರಗೆ ನಿಂತು ಗೋಡೆ ಅಳೆಯುವುದು, ತಲೆಯಾಡಿಸುವುದು, ಮುಂದೆ ಹೋಗುವುದು. ಒಳಗೆ ಕಾಲಿಟ್ಟರೆ ಕೇಳಿ.

ಗಿರಿಜಾಬಾಯಿಯ ಎರಡು ಕೋಣೆಯ ಮನೆ ಖಾಲಿ ಇತ್ತು. ಹಿತ್ತಲಲ್ಲಿ ಸಿಹಿನೀರಿನ ಬಾವಿ. "ಸದ್ಯ ಬಾಡಿಗಿಗೆ ಇರ್ರಿ. ಮುಂದ ಮನಸ್ಸಾದ್ರ ಕೊಳ್ಳೋರಂತ" ಎಂದಳು ಆಕೆ. ಜೊತೆಗೆ ಬಂದಿದ್ದ ಕಮಳಾಬಾಯಿ ಬಾವಿಕಟ್ಟೆಯ ಬಳಿಯೇ ನಿಂತುಬಿಟ್ಟಳು. ಮಚ್ಚೇಂದ್ರ ದಾರ ಹಿಡಿದು, "ಮೊಳ ಕಡಿಮಿ ಬೀಳತದ. ನಡಿ" ಎಂದ.

ಕೊನೆಗೆ ಕೋಟೆಯ ಹಿಂದಿನ ದಿನ್ನೆಯ ಮೇಲೆ ದಿಗಂಬರ ಎಂಬಾತನ ಮನೆ ಸಿಕ್ಕಿತು. ದಾರ ಸರಿಯಾಗಿ ಕೂತಿತು! ದಿಗಂಬರ ಅವಸರ ಹಚ್ಚಿದ: "ನಾಳಿಗೇ ಬಯಾನಾ ಕೊಡ್ರಿ. ಇನ್ನೊಬ್ಬ ಗಿರಾಕಿ ತಯಾರ ಕುಂತಾನ." ಬಯಾನಾ ಎಂದರೆ ಮುಂಗಡ. ಅವನು ಕೇಳಿದ ಮುಂಗಡಕ್ಕೆ ಅಂಚೆ ಕಚೇರಿಯ ದುಡ್ಡೆಲ್ಲ ಬಳಿದು ಕೊಡಬೇಕಿತ್ತು. ಉಳಿದದ್ದಕ್ಕೆ ಅಂಗಡಿ ಗಿರವಿ ಇಡುತ್ತೇನೆಂದ ಮಚ್ಚೇಂದ್ರ.

ನಮ್ಮೆದುರು ಮನೆಯಲ್ಲಿ ಬಳೆ ಮಾರುವ ಮುನ್ನಿ ಬೀ ಇದ್ದರು, ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಆಯುಷ್ಯವೆಲ್ಲ ಬಾಡಿಗೆ ಮನೆಗಳಲ್ಲಿ ಕಳೆದವರು. ಅವರು ಬಿಟ್ಟುಬಂದ ಮನೆಗಳನ್ನು ಸಾಲಾಗಿ ನಿಲ್ಲಿಸಿದರೆ ಹೈದರಾಬಾದು ಮುಟ್ಟಿ ವಾಪಸು ಬರಬಹುದು. ಅವರು ಮಚ್ಚೇಂದ್ರನನ್ನು ಕರೆದರು.

"ಮನಿ ಒಳಗ ನೋಡಿದೇನು ಬೇಟಾ?"

"ನೋಡೋದೇನದ ಖಾಲಾ? ಗ್ವಾಡಿ ಅವ, ಮ್ಯಾಲ ಮಾಳಿಗಿ ಅದ."

"ಕಮಳಾ ನೋಡ್ಯಾಳೇನು?"

"ಅಕಿ ಬಾಗಿಲಾ ನೋಡ್ಯಾಳಲ್ಲ."

ಮುನ್ನಿ ಬೀ ನಕ್ಕ ನಗೆಗೆ ಬುಟ್ಟಿಯ ಬಳೆಗಳೆಲ್ಲ ಗಲಗಲ ಅಂದವು. "ರೊಕ್ಕ ಬಿಚ್ಚೂದಕ್ಕ ಮೊದ್ಲ ಒಂದು ಖಾಲಿ ಕೊಡ ತಗೊಂಡು ಆ ಮನಿಗೆ ಹೋಗು. ನೀರು ತಂದು ನೋಡು. ಒಲಿ ಹಚ್ಚಿ ನೋಡು. ಬಾಜೂ ಮನಿಯೋರ ಕೂಡ ಕುಂತು ಮಾತಾಡು."

"ನಾ ಗಂಡಸು, ಕೊಡ ಹೊರಲೇನು ಖಾಲಾ?"

"ಬಾಗಿಲಾ ಹೊತ್ತೀದಿ. ಕೊಡ ಹಗರ ಇರತದ, ತಗೋ."

ಮರುದಿನ ಗಂಡಹೆಂಡತಿ, ಮುನ್ನಿ ಬೀ, ನಾನು, ನಾಲ್ವರೂ ಹೋದೆವು. ಕೊಡ ಹೊತ್ತವನು ಮಚ್ಚೇಂದ್ರ. ಧೈರ್ಯ ಹೊತ್ತವನು ನಾನು. ಆ ಮನೆಯವರು ನೀರು ತರುವ ಬಾವಿ ದಿನ್ನೆಯ ಕೆಳಗೆ, ಹೆಚ್ಚುಕಡಿಮೆ ಪಕ್ಕದೂರು ಮೋರಖಂಡಿಯ ಹತ್ತಿರ ಎಂದೇ ಇಟ್ಟುಕೊಳ್ಳಿ. ಮಚ್ಚೇಂದ್ರ ಏರಿ ಬರುವಷ್ಟರಲ್ಲಿ ಕೊಡದ ಅರ್ಧ ನೀರು ಅಂಗಿಯಲ್ಲಿತ್ತು. ಅಡಿಗೆ ಮನೆಗೆ ಬೆಳಕಿಂಡಿಯೇ ಇರಲಿಲ್ಲ. ಒಲೆ ಹಚ್ಚಿದ ಕಮಳಾಬಾಯಿ ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತ ಹೊರಗೆ ಓಡಿಬಂದಳು.

ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ಬಸರಿ ಹೆಣ್ಮಗಳನ್ನ ಇಲ್ಲಿ ತರಾಕತ್ತೀರೇನು? ಮಳಿ ಬಂದ್ರ ಆ ಮಾಳಿಗಿ ಜರಡಿ ಹಿಡದಂಗ ಸೋರತದ. ಮತ್ತ ದಿಗಂಬರನ ಇಬ್ಬರು ಅಣ್ಣಗೋಳು ಸೋಲಾಪುರದಾಗ ಇರ್ತಾರ. ಅವರದೂ ಪಾಲು ಅದ. ಮನಿ ಮಾರೂದು ಅವರಿಗೆ ಗೊತ್ತದೇನು?"

ಮಚ್ಚೇಂದ್ರ ಇನ್ನೂ ಸೋಲಲಿಲ್ಲ. "ಅಣ್ಣಗೋಳನ್ನ ಕೇಳೂನು. ಮಾಳಿಗಿ ರಿಪೇರಿ ಮಾಡಿಸ್ತೀನಿ."

"ಯಾವ ರೊಕ್ಕದಾಗ?" ಎಂದರು ಮುನ್ನಿ ಬೀ. "ಇದ್ದದ್ದೆಲ್ಲಾ ಬಯಾನಾಕ್ಕ ಹೋಗತದ. ಹೆರಿಗಿಗೆ ಏನು ಮಾಡ್ತಿ? ನಾಕು ದಿನ ಅಂಗಡಿ ನಡೀಲಿಲ್ಲಂದ್ರ ಗಿರವಿ ಹ್ಯಾಂಗ ಬಿಡಿಸ್ಕೋತಿ?"

ಆಗ ಕಮಳಾಬಾಯಿ ಬಾಯಿ ಬಿಟ್ಟಳು. ಅವಳ ಮಾತಿಗೆ ನಾನು ಒಂದಕ್ಷರವನ್ನೂ ಸೇರಿಸುವುದಿಲ್ಲ.

"ನಂಗ ಗಿಳಿ ಬ್ಯಾಡ್ರಿ, ಕಮಲ ಬ್ಯಾಡ್ರಿ. ಹಸಿ ಬಾಣಂತಿ ಮೈಲೇ ಈ ದಿನ್ನಿ ನಾ ಏರೂದಿಲ್ಲ. ಕೂಸಿನ ಮ್ಯಾಲ ನೀರು ಸೋರದಿದ್ರ ಸಾಕು. ಇಷ್ಟು ದಿನ ನನ್ನ ಯಾಕ ಕೇಳ್ಲಿಲ್ಲ?"

ಮಚ್ಚೇಂದ್ರ ಕೊಡ ಕೆಳಗಿಟ್ಟ. "ತಪ್ಪಾತು. ನಿನಗ ಯಾವ ಮನಿ ಬೇಕು, ಹೇಳು" ಎಂದ.

"ಬಾವಿ ಇರೋ ಮನಿ."

ಆ ವಾರವೇ ಗಿರಿಜಾಬಾಯಿಯ ಮನೆಗೆ ಬಾಡಿಗೆಗೆ ಹೋದರು. ಬಾಗಿಲನ್ನು ಮನೆ ಕಟ್ಟಿಸುತ್ತಿದ್ದ ಒಬ್ಬ ವ್ಯಾಪಾರಿಗೆ ಮಾರಿದರು. ಕೊಂಚ ನಷ್ಟವಾಯಿತು, ಆದರೆ ಬಂದ ದುಡ್ಡು ಮತ್ತೆ ಅಂಚೆ ಕಚೇರಿ ಸೇರಿತು. ಅಂಗಡಿ ಅಂಗಡಿಯಾಗಿಯೇ ಉಳಿಯಿತು. ಕೊಟ್ಟ ಬಾಡಿಗೆಗೆ ಪ್ರತಿ ತಿಂಗಳೂ ರಸೀದಿ ಪಡೆದರು. ಆಷಾಢದ ಜಡಿಮಳೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅದರ ಅಳು ಬೀದರಿಗೆ ಕೇಳಿಸಿತು. ಆದರೆ ಮನೆಯೊಳಗೆ ಒಂದು ಹನಿ ಬೀಳಲಿಲ್ಲ. ಬಾಣಂತಿಗೆ ಎರೆಯುವ ನೀರನ್ನು ಹಿತ್ತಲ ಬಾವಿಯಿಂದ ಮಚ್ಚೇಂದ್ರನೇ ಸೇದಿ ಕಾಯಿಸಿದ. ಕೆಲವು ವರ್ಷ ಕಳೆದು ಅದೇ ಮನೆಯನ್ನು ಕೊಂಡರು. ಗಿರಿಜಾಬಾಯಿಯ ಮಕ್ಕಳೆಲ್ಲ ಬಂದು ಸಹಿ ಹಾಕಿದರು. ಸುಣ್ಣಬಣ್ಣಕ್ಕೂ ಕಾಯಿಲೆ ಕಸಾಲೆಗೂ ಕೈಯಲ್ಲಿ ನಾಲ್ಕು ಕಾಸು ಮಿಕ್ಕಿತ್ತು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಮನೆ ನೋಡುತ್ತಿರಬಹುದು. ಕೊಳ್ಳಲಿಕ್ಕೋ, ಬಾಡಿಗೆಗೋ. ನೀರು ಎಷ್ಟು ದೂರ, ಮಳೆಯಲ್ಲಿ ಮಾಳಿಗೆಯ ಗತಿ ಏನು ಎಂದು ನೆರೆಯವರನ್ನು ವಿಚಾರಿಸಿ. ಪಾಲುದಾರರು ಎಷ್ಟು ಜನ ಎಂದು ತಿಳಿದುಕೊಳ್ಳಿ. ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ಸುರಿಯಬೇಡಿ. ಕೈ ಸಾಲದಿದ್ದರೆ ಒಳ್ಳೆಯ ಬಾಡಿಗೆ ಮನೆಯಲ್ಲಿರುವುದು ನಾಚಿಕೆಯಲ್ಲ. ನಾನು ಸೇರಿಸಿದ ಉಪ್ಪುಖಾರವನ್ನು ಬೇಕಾದರೆ ತೆಗೆದುಹಾಕಿ. ಆದರೆ ಮುಂಗಡ ಕೊಡುವ ಮುನ್ನ, ಆ ಮನೆಯಲ್ಲಿ ಒಲೆ ಹಚ್ಚುವವರನ್ನು ಒಂದು ಮಾತು ಕೇಳಿ.