ಜಯಕ್ಕನ ಕಿವಿ

ಆದವಾನಿಯ ಹತ್ತಿ ಮಾರ್ಕೆಟ್ಟಿನ ಎದುರು, ಬಂಡಿಗಳು ಸಾಲುಗಟ್ಟಿ ನಿಲ್ಲುವ ಬೇವಿನ ಮರದ ಕೆಳಗೆ, ಲಾಲಪ್ಪ ಹದಿನೆಂಟು ವರ್ಷದಿಂದ ಬಯಾಸ್ಕೋಪ್ ಪೆಟ್ಟಿಗೆ ಇಟ್ಟುಕೊಂಡು ಬದುಕುತ್ತಿದ್ದ. ಗಾಜಿನ ಕಿಂಡಿಗೆ ಕಣ್ಣು ಹಚ್ಚಿ, ತಲೆಯ ಮೇಲೆ ಕರಿ ಬಟ್ಟೆ ಹೊದ್ದರೆ ಮುಗಿಯಿತು, ನೋಡುವವರಿಗೆ ಕಾಶಿ, ತಾಜಮಹಲು, ಮದ್ರಾಸಿನ ಸಮುದ್ರ ಬಿಟ್ಟು ಬೇರೆ ಲೋಕವೇ ಇಲ್ಲ. ಬೆನ್ನಿಗೆ ಎತ್ತು ಬಂದು ನಿಂತರೂ ತಿಳಿಯುತ್ತಿರಲಿಲ್ಲ. ಅದಕ್ಕೇ ಲಾಲಪ್ಪ ಚಿತ್ರ ತಿರುವುತ್ತ ಹಾಡಿ ಹೇಳುವ ಮಾತಿನೊಳಗೇ ಬೀದಿಯನ್ನೂ ಸೇರಿಸಿಬಿಡುತ್ತಿದ್ದ.

“ಕಾಶಿ ನೋಡ್ರಿ, ಗಂಗಿ ನೋಡ್ರಿ... ಬಲಕ್ಕ ಬಂಡಿ ಬಂತು, ಕಾಲು ಒಳಗ ತಗೋರಿ... ಸಮುದ್ರದಾಗ ಹಡಗ ನೋಡ್ರಿ!”

ಜನ ಕಿಂಡಿಯಿಂದ ಕಣ್ಣು ಕೀಳದೆ ಕಾಲಷ್ಟೇ ಎಳೆದುಕೊಳ್ಳುತ್ತಿದ್ದರು. ಬಂಡಿಯವರೂ ಅವನ ದನಿಯನ್ನು ನಂಬಿ ಹಿಂದೆ ತಿರುಗಿ ನೋಡುವುದನ್ನೇ ಬಿಟ್ಟಿದ್ದರು.

ಎಂಬತ್ತಮೂರರ ಸುಗ್ಗಿಯಲ್ಲಿ ಅವನ ಗಂಟಲು ಕಟ್ಟಿಕೊಂಡಿತು. ಗುಂತಕಲ್ಲಿನ ಅಳಿಯ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟ. ಲಾಲಪ್ಪ ತನ್ನ ಮಾತನ್ನೆಲ್ಲ ಒಂದು ಕ್ಯಾಸೆಟ್ಟಿಗೆ ತುಂಬಿಸಿದ. ಬಂಡಿಯ ಮಾತು ಮಾತ್ರ ಅದರಲ್ಲಿರಲಿಲ್ಲ. ಬಂಡಿ ಯಾವಾಗ ಬರುತ್ತದೆಂದು ಕ್ಯಾಸೆಟ್ಟಿಗೇನು ಗೊತ್ತು? ಅದನ್ನು ತಾನೇ ಪಕ್ಕದಲ್ಲಿ ನಿಂತು ಕೂಗಿದರಾಯಿತು ಎಂದುಕೊಂಡಿದ್ದ. ಮೊದಲ ಎಂಟು ದಿನ ಕೂಗಿದ ಕೂಡ.

ಹಿಂದಿನ ಓಣಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಜಯಕ್ಕ ಶನಿವಾರ ಊಟದ ಹೊತ್ತಿಗೆ ಸಮುದ್ರ ನೋಡಲು ಬರುತ್ತಿದ್ದಳು. ಅವತ್ತು ಬೇರೆ ಯಾರೂ ಇರಲಿಲ್ಲ.

“ಹಿಡಿಕಿ ನೀನೇ ತಿರುವಿಕೊಂತ ನೋಡು ತಂಗಿ, ಈಗ ಬಂದೆ,” ಎಂದು ಲಾಲಪ್ಪ ಟೇಪಿನ ದನಿ ಏರಿಸಿ, ರಸ್ತೆಯಾಚೆ ಚಹಾ ಕುಡಿಯಲು ಹೋದ.

ಸಾಸರು ತುಟಿಗೆ ತಾಗಿಸಿದ್ದನಷ್ಟೇ. ಲಾರಿಯೊಂದು ಜೋರಾಗಿ ಹಾರನ್ ಹೊಡೆಯಿತು. ಬಂಡಿ ನರಸಣ್ಣನ ಎತ್ತುಗಳು ಬೆದರಿ ಹಿಂದಕ್ಕೆ ಜಗ್ಗಿದವು. ಹತ್ತಿ ಮೂಟೆ ತುಂಬಿದ ಬಂಡಿಯ ಗಾಲಿ ಜಯಕ್ಕನ ಬಲಗಾಲಿನ ಪಾದದ ಮೇಲೆ ಏರಿ ಇಳಿಯಿತು. ಅವಳು ಚೀರಿದಾಗಲೂ ಕರಿ ಬಟ್ಟೆ ತಲೆಯ ಮೇಲೇ ಇತ್ತು.

ಜನ ಕೂಡಿದರು. “ಏನ್ಲೇ ಲಾಲಪ್ಪ, ನೀ ಏನ್ ಮಾಡ್ತಿದ್ದಿ?” ಎಂದು ನರಸಣ್ಣ ಕೇಳಿದ.

“ಕೂಗಿದೆನಪ್ಪಾ! ಎರಡು ಸಲ ಕೂಗಿದೆ. ಆಕಿಗೆ ಕೇಳಲಿಲ್ಲ.”

ಮಾತು ತಾನಾಗಿ ಹೊರಬಿದ್ದಿತ್ತು. ಲಾಲಪ್ಪನ ಮೀಸೆಯಲ್ಲಿ ಚಹಾ ಇನ್ನೂ ಆರಿರಲಿಲ್ಲ. ಅಂಗೈಯಿಂದ ಒರೆಸಿಕೊಂಡ. ಯಾರೂ ಗಮನಿಸಲಿಲ್ಲ.

ಮೂರನೆಯ ದಿನ ಮೂಸಂಬಿ ಹಿಡಿದು ಆಸ್ಪತ್ರೆಗೆ ಹೋದ. ಹೇಳಿಬಿಡಬೇಕೆಂದೇ ಹೋಗಿದ್ದ. ಆದರೆ ಜಯಕ್ಕನೇ ಮೊದಲು ಬಾಯಿ ತೆರೆದಳು. “ನೀ ಕೂಗಿದೆಂತಲ್ಲಣ್ಣಾ. ನನಗ ಒಂದೂ ಕೇಳಲಿಲ್ಲ ನೋಡು. ಹದಿನಾಲ್ಕು ವರ್ಷ ಜಿನ್ನಿಂಗ್ ಮಷೀನಿನ ಸದ್ದಿನಾಗ ಕುಂತು ಕಿವಿ ಹೋಗ್ಯಾವ. ನಿಂದೇನೈತಿ ತಪ್ಪು?”

ಲಾಲಪ್ಪ ಮೂಸಂಬಿಯನ್ನು ಅವಳ ಹಾಸಿಗೆಯ ಮೇಲಿಟ್ಟ. “ಹಣ್ಣು ತಿನ್ನವ್ವ,” ಎಂದಷ್ಟೇ ಹೇಳಿ ಎದ್ದು ಬಂದ.

ಎರಡು ತಿಂಗಳಾಯಿತು. ಒಂದು ಸಂಜೆ ನರಸಣ್ಣ ಎತ್ತಿಗೆ ನೀರು ಕುಡಿಸುತ್ತ ಹೇಳಿದ: “ಜಯಕ್ಕನ್ನ ಮಿಲ್ಲಿಗೆ ಸೇರಿಸಿಕೊಳ್ಳವಲ್ರಂತ. ಕಾಲಿಗಲ್ಲಪಾ, ಕಿವಿಗೆ. ಕಿವುಡಿನ್ನ ಮಷೀನ್ ಹತ್ರ ಹೆಂಗ ಬಿಡೋದು ಅಂತಾನಂತ ಮೇಸ್ತ್ರಿ. ಆಕಿನೇ ಎಲ್ಲಾರ ಮುಂದ ಹೇಳಿಕೊಂಡಾಳಲ್ಲ, ಕಿವಿ ಹೋಗ್ಯಾವಂತ.”

ಲಾಲಪ್ಪ ಮರುದಿನ ಬೆಳಗಾಗುತ್ತಲೇ ಮಿಲ್ಲಿನ ಗೇಟಿಗೆ ಹೋದ. ಜಯಕ್ಕ ಕೋಲೂರಿಕೊಂಡು ಮೇಸ್ತ್ರಿ ಸಿದ್ದಬಸಪ್ಪನ ಮುಂದೆ ಅಂಗಲಾಚುತ್ತಿದ್ದಳು. ಒಳಗೆ ಹೋಗುವ ಹೆಂಗಸರು ನಿಂತು ನೋಡುತ್ತಿದ್ದರು.

“ಮೇಸ್ತ್ರಿಗಳೇ, ಆಕಿ ಕಿವಿ ಚಲೋ ಅದಾವ್ರಿ,” ಎಂದ ಲಾಲಪ್ಪ. “ನಾನು ಅವತ್ತು ಕೂಗಿದ್ದಿಲ್ಲ. ಚಾ ಕುಡಿಯಾಕ ಹೋಗಿದ್ದೆ. ಸುಳ್ಳು ಹೇಳೀನ್ರಿ.”

ಸಿದ್ದಬಸಪ್ಪ ಹುಬ್ಬು ಗಂಟಿಕ್ಕಿದ. “ಕನಿಕರಪಟ್ಟು ಹೇಳಾಕ ಹತ್ತೀಯೋ, ಖರೇನೋ? ನಾ ಹೆಂಗ ನಂಬಲಿ?”

ಜಯಕ್ಕ ಲಾಲಪ್ಪನ ಮುಖವನ್ನೇ ದಿಟ್ಟಿಸಿದಳು. ಬೈಯುತ್ತಾಳೆಂದು ಅವನು ತಲೆ ತಗ್ಗಿಸಿದ. ಅವಳು ಬೈಯಲಿಲ್ಲ. ಹತ್ತು ಹೆಜ್ಜೆ ಆಚೆ ಕುಂಟುತ್ತ ಹೋಗಿ, ಅವನಿಗೆ ಬೆನ್ನು ಮಾಡಿ ನಿಂತಳು.

“ಈಗ ಹೇಳು. ಮೆಲ್ಲಕ ಹೇಳು.”

“ನಾನು ಕೂಗಿದ್ದಿಲ್ಲ,” ಎಂದ ಲಾಲಪ್ಪ.

“ನಾನು ಕೂಗಿದ್ದಿಲ್ಲ,” ಎಂದು ಅವಳು ಗಟ್ಟಿಯಾಗಿ ಹೇಳಿದಳು. “ಇನ್ನೂ ಮೆಲ್ಲಕ.”

“ಚಾ ಕುಡಿಯಾಕ ಹೋಗಿದ್ದೆ.”

“ಚಾ ಕುಡಿಯಾಕ ಹೋಗಿದ್ದೆ. ಇನ್ನೂ ಮೆಲ್ಲಕ.”

“ಆಕಿಗೆ ಕೇಳಲಿಲ್ಲಂತ ಸುಳ್ಳು ಹೇಳಿದೆ.” ಅವನ ದನಿ ಉಸಿರಿನಷ್ಟಾಗಿತ್ತು. ಪಕ್ಕದಲ್ಲಿದ್ದ ಹೆಂಗಸರು ಕೇಳಿಸಿಕೊಳ್ಳಲು ಕತ್ತು ಚಾಚಿದರು. ಜಯಕ್ಕ ಅದನ್ನೂ ಓಣಿಗೆಲ್ಲ ಕೇಳುವಂತೆ ಒಪ್ಪಿಸಿದಳು. ಅವಳ ಬಾಯಿಂದ ಬಂದ ಒಂದೊಂದು ಮಾತಿಗೂ ಲಾಲಪ್ಪನ ಮೈ ಹಿಡಿಯಷ್ಟಾಯಿತು.

ಸಿದ್ದಬಸಪ್ಪ ಗೇಟಿನ ಕದ ಸರಿಸಿದ.

ಒಳಗೆ ಕಾಲಿಡುವ ಮುಂಚೆ ಜಯಕ್ಕ ಅವನ ಹತ್ತಿರ ನಿಂತಳು. ಕಣ್ಣು ತುಂಬಿದ್ದವು, ಮುಖದಲ್ಲಿ ಮಾತ್ರ ಹೊಸದೊಂದು ಕಳೆ ಬಂದಿತ್ತು. “ಕಾಲು ಹೋದ್ರ ಹೋಗಲಿ, ಅಣ್ಣಾ. ಎರಡು ತಿಂಗಳು ಮೊಮ್ಮಗಳು ಎದುರಿಗೆ ಕುಂತು ಮಾತಾಡಿದ್ರ, ನನಗೇನೋ ಅರ್ಧ ಕೇಳವಲ್ದಂತ ಅಳ್ತಿದ್ದೆ. ಆಸ್ಪತ್ರ್ಯಾಗ ಹೇಳಿದ್ರ ಸಾಕಿತ್ತಲ್ಲ?”

ಉತ್ತರಕ್ಕೆ ಕಾಯದೆ ಅವಳು ಕೋಲೂರಿಕೊಂಡು ಒಳಗೆ ಹೋದಳು. ಸುತ್ತಿನ ಹೆಂಗಸರು ಲಾಲಪ್ಪನಿಗೆ ತಾಗದಂತೆ ಸೆರಗು ಸರಿಸಿಕೊಂಡು ಒಬ್ಬೊಬ್ಬರೇ ಒಳಗೆ ಹೋದರು.