ಗಟ್ಟಿಯಾಗುವ ತನಕ

"ಇನ್ನೊಂದ್ಸಲ ಮುಕ್ಕು ತಾಯಿ, ಒಂದೇ ಒಂದ್ಸಲ," ಎಂದರು ಸಿಸ್ಟರ್ ಕಾಂಚನಮಾಲಾ.

ಮೀನಾಕ್ಷಿಗೆ ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಮಗು ಆಗಲೇ ಹೊರಗೆ ಬಂದಿತ್ತು. ಮೂಲೆಯ ಮೇಜಿನ ಕಡೆಯಿಂದ ಅದರ ಅಳು ಕೇಳುತ್ತಿತ್ತು. ಹೆಣ್ಣು ಎಂದು ಆಯಾ ಮಾದಮ್ಮ ಹೇಳಿಯೂ ಆಗಿತ್ತು. ಇನ್ನು ಮುಕ್ಕಿ ಹೊರಹಾಕಬೇಕಾದದ್ದು ಏನು?

"ಮಗು ಬಂತಲ್ಲ ಸಿಸ್ಟರ್?"

"ಮಗು ಬಂತು. ಮಾಸು ಬರೋದು ಬೇಡ್ವಾ?"

ಅವಳು ಕಣ್ಣು ಮುಚ್ಚಿ ಉಸಿರು ಹಿಡಿದಳು. ಮೂಳೆಯಿಲ್ಲದ, ಬಿಸಿಯಾದ ಏನೋ ಒಂದು ಅವಳೊಳಗಿಂದ ಜಾರಿ ಹೋಗಿ ಸ್ಟೀಲಿನ ತಟ್ಟೆಗೆ ಬಿದ್ದ ಸದ್ದಾಯಿತು. ತಲೆಯೆತ್ತಿ ನೋಡಿದಳು. ನೋಡಬಾರದಿತ್ತು. ಕರುಳಿನ ತುಂಡೋ ಯಕೃತ್ತೋ ಹೇಳಲಾಗದಂಥ, ಕೆಂಪು ಕಪ್ಪಿನ ದೊಡ್ಡ ಮುದ್ದೆಯೊಂದು ತಟ್ಟೆಯಲ್ಲಿ ಹೊಳೆಯುತ್ತ ಕೂತಿತ್ತು. ಸಿಸ್ಟರ್ ಅದನ್ನು ಎರಡೂ ಕೈಯಲ್ಲಿ ಹರಡಿ, ರೊಟ್ಟಿ ಬೆಂದಿದೆಯೇ ಎಂದು ನೋಡುವವರಂತೆ ತಿರುಗಿಸಿ ತಿರುಗಿಸಿ ನೋಡಿದರು.

ಮೀನಾಕ್ಷಿ ಹಾರನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ಮು. ಪಠ್ಯಪುಸ್ತಕದ ಕೊನೆಯ ಭಾಗದಲ್ಲಿ ಎರಡು ಬಣ್ಣದ ಚಿತ್ರವೊಂದಿತ್ತು: ಗರ್ಭಕೋಶದಲ್ಲಿ ತಲೆಕೆಳಗಾಗಿ ಮಲಗಿದ ಮಗು, ಸುತ್ತ ಬಾಣದ ಗುರುತುಗಳು. ಪ್ರತಿ ವರ್ಷ ಆ ಪಾಠಕ್ಕೆ ಬಂದಾಗ ಹಿಂದಿನ ಬೆಂಚಿನಲ್ಲಿ ನಗು ಶುರುವಾಗುತ್ತಿತ್ತು. "ಇದನ್ನ ನೀವೇ ಮನೇಲಿ ಓದ್ಕೊಳ್ಳಿ," ಎಂದು ಅವಳು ಹಾಳೆ ತಿರುಗಿಸಿಬಿಡುತ್ತಿದ್ದಳು. ಚಿತ್ರದಲ್ಲಿದ್ದ ಮಗುವಿನ ಮುಖ ನಿದ್ದೆ ಮಾಡುವವರ ಮುಖದಂತೆ ನೆಮ್ಮದಿಯಾಗಿತ್ತು. ರಕ್ತ ಎಲ್ಲೂ ಇರಲಿಲ್ಲ.

ಹೆರಿಗೆಯ ಬಗ್ಗೆ ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ತಾಯಿ ತೀರಿಕೊಂಡಾಗ ಅವಳಿನ್ನೂ ಪಿಯುಸಿ. ಸ್ಕೂಲಿನ ಬೇರೆ ಮೇಡಮ್ಮುಗಳನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: "ಮಗು ಮುಖ ನೋಡಿದ್ಮೇಲೆ ಎಲ್ಲ ಮರ್ತೋಗುತ್ತೆ ಕಣೇ."

ಮಾದಮ್ಮ ಈಗ ಆ ಮುಖವನ್ನೇ ತಂದು ತೋರಿಸುತ್ತಿದ್ದಳು. ತಲೆ ಸೋರೆಕಾಯಿಯಂತೆ ಹಿಂದಕ್ಕೆ ಉದ್ದವಾಗಿತ್ತು. ಮೈಮೇಲೆಲ್ಲ ಬೆಣ್ಣೆ ಮೆತ್ತಿದಂತೆ ಬಿಳಿ ಬಿಳಿ. ಕಣ್ಣಿನ ರೆಪ್ಪೆಗಳು ಊದಿ, ಮೂಗು ಒಂದು ಕಡೆಗೆ ಒತ್ತಿಕೊಂಡು, ಯಾರೋ ಹೊಡೆದು ಕಳಿಸಿದಂತಿತ್ತು.

"ತಲೆ ಯಾಕೆ ಹಿಂಗಿದೆ?"

"ದಾರೀಲಿ ಅಮುಕ್ಕಂಡು ಬಂದೈತೆ. ಎರಡು ದಿನಕ್ಕೆ ಸರಿಹೋಯ್ತದೆ ಬುಡಿ," ಎಂದಳು ಮಾದಮ್ಮ.

ಮೀನಾಕ್ಷಿ ಆ ಮುಖ ನೋಡುತ್ತ ಕಾದಳು. ಮರೆವು ಬರಲಿಲ್ಲ. ಪ್ರೀತಿಯೂ ಬರಲಿಲ್ಲ. ಅರಸೀಕೆರೆ ಸ್ಟೇಷನ್ನಿನಲ್ಲಿ ಯಾರದೋ ಮಗುವನ್ನು ಒಂದು ಗಳಿಗೆ ಹಿಡಿದುಕೊಳ್ಳಿ ಎಂದು ಕೊಟ್ಟು ಹೋದಂತೆ ಅನ್ನಿಸಿತು. ಇದನ್ನು ಯಾರ ಹತ್ತಿರ ಹೇಳುವುದು? ಅಷ್ಟರಲ್ಲಿ ಅವಳ ಹಲ್ಲುಗಳು ತಮ್ಮಷ್ಟಕ್ಕೆ ತಾವೇ ಕಟಕಟ ಎನ್ನತೊಡಗಿದವು. ಹೊರಗೆ ಏಪ್ರಿಲ್ ತಿಂಗಳ ಮಧ್ಯಾಹ್ನ, ಮಾಡಿನ ಹೆಂಚು ಕಾದ ಬಾಣಲೆಯಂತಿತ್ತು. ಆದರೂ ತೊಡೆಗಳು ನಡುಗಿ ಕಬ್ಬಿಣದ ಮಂಚ ಸದ್ದು ಮಾಡುತ್ತಿತ್ತು.

"ನಂಗೇನೋ ಆಗ್ತಿದೆ ಸಿಸ್ಟರ್."

"ಏನಿಲ್ಲ. ಹೆರಿಗೆ ಆದ್ಮೇಲೆ ನಡುಕ ಎಲ್ರಿಗೂ ಬರುತ್ತೆ."

ಎಲ್ಲರಿಗೂ ಬರುತ್ತದೆ! ಹಾಗಾದರೆ ಒಬ್ಬಳಾದರೂ ಯಾಕೆ ಹೇಳಲಿಲ್ಲ?

ಅವಳ ಅತ್ತೆ ದ್ಯಾವಮ್ಮ ಹೊರಗಿನ ಬೆಂಚಿನ ಮೇಲಿದ್ದರು. ಹಳೇಬೀಡಿನಲ್ಲಿ ದೊಡ್ಡ ಮಗನ ಜೊತೆ ಇರುವ ಹೆಂಗಸು. ಮದುವೆಯಾಗಿ ಎರಡು ವರ್ಷವಾದರೂ ಅತ್ತೆ ಸೊಸೆಯ ನಡುವೆ ಹತ್ತು ಮಾತಿನ ಬಳಕೆಯಿರಲಿಲ್ಲ. ಬಾಣಂತನಕ್ಕೆ ಬರುತ್ತೇನೆ ಎಂದು ಅವರು ಹೇಳಿಕಳಿಸಿದಾಗ, "ಬೇಡ ಅತ್ತೆ, ಆಸ್ಪತ್ರೇಲಿ ಎಲ್ಲ ನೋಡ್ಕೋತಾರೆ, ನಿಮಗ್ಯಾಕೆ ತೊಂದ್ರೆ," ಎಂದು ಮೀನಾಕ್ಷಿಯೇ ಹೇಳಿಸಿದ್ದಳು. ಬೇರೆಯವರೆದುರು ಸೆರಗು ಜಾರಿಸಲೂ ನಾಚುವ ಅವಳಿಗೆ, ಗಂಡನ ತಾಯಿಯ ಮುಂದೆ ಹೀಗೆ ಬಿದ್ದಿರುವುದನ್ನು ನೆನೆಯಲೂ ಆಗಿರಲಿಲ್ಲ. ಆದರೂ ದ್ಯಾವಮ್ಮ ಬಂದಿದ್ದರು, ಬಟ್ಟೆಗಂಟಿನೊಂದಿಗೆ, ಮುಖ ಬಿಗಿದುಕೊಂಡು. ಹೆರಿಗೆಗೆ ಇನ್ನೂ ದಿನವಿದೆಯೆಂದು ಗಂಡ ಮಧುಕುಮಾರ್ ಆ ಬೆಳಿಗ್ಗೆ ಎಂದಿನಂತೆ ಬೇಲೂರಿನ ಕಚೇರಿಗೆ ಹೋಗಿಬಿಟ್ಟಿದ್ದ. ನೋವು ಕಾಣಿಸಿಕೊಂಡಾಗ ಅರಸೀಕೆರೆಯ ಆಸ್ಪತ್ರೆಗೆ ಆಟೋ ಹತ್ತಿಸಿದವರು ದ್ಯಾವಮ್ಮನೇ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿರಲಿಲ್ಲ.

ಮಾದಮ್ಮ ಬಾಗಿಲು ತೆರೆದು, "ಬನ್ನಿ ಅಜ್ಜಿ, ಮೊಮ್ಮಗಳ್ನ ಎತ್ಕಳಿ," ಎಂದು ಕರೆದಳು. ದ್ಯಾವಮ್ಮ ಒಳಗೆ ಬಂದು, ಮಂಚದ ಕಡೆ ನೋಡದೆ, ಮಗುವನ್ನು ಎತ್ತಿಕೊಂಡು ಗೋಡೆಗೆ ಮುಖ ಮಾಡಿ ನಿಂತರು.

ಸಿಸ್ಟರ್ ಹೊಲಿಗೆ ಹಾಕಲು ಸೂಜಿ ಕೈಗೆತ್ತಿಕೊಂಡಿದ್ದರು. ಒಂದು ಕ್ಷಣ ಸುಮ್ಮನೆ ನೋಡಿದರು. ಸೂಜಿ ಕೆಳಗಿಟ್ಟರು. ಮೀನಾಕ್ಷಿಗೆ ತನ್ನ ಕೆಳಗೆ ಬೆಚ್ಚಗೆ ಏನೋ ಹರಡುವುದು, ಹರಡಿ ಬೆನ್ನಿನವರೆಗೂ ಬರುವುದು ಗೊತ್ತಾಗುತ್ತಿತ್ತು. ಇದೂ ಎಲ್ಲರಿಗೂ ಆಗುವುದಿರಬೇಕು ಎಂದುಕೊಂಡಳು. ಆದರೆ ಸಿಸ್ಟರ್ ಅವಳ ಹೊಕ್ಕುಳ ಕೆಳಗೆ ಕೈಯಿಟ್ಟು ಅಮುಕಿದಾಗ ಅವರ ದನಿ ಬದಲಾಗಿತ್ತು.

"ಮಾದಮ್ಮ, ಓಡು. ಡಾಕ್ಟರ್‌ನ ಕರಿ."

"ಆಪರೇಷನ್‌ನಾಗವ್ರೆ..."

"ಬ್ಲೀಡಿಂಗ್ ಅಂತ ಹೇಳು. ಓಡು!"

ಮಾದಮ್ಮ ಓಡಿದಳು. ಡ್ರಿಪ್ಪು ಏರಿಸಬೇಕು, ಇಂಜೆಕ್ಷನ್ ಕೊಡಬೇಕು, ಹೊಟ್ಟೆಯನ್ನೂ ಬಿಡುವಂತಿಲ್ಲ. ಸಿಸ್ಟರಿಗೆ ಇದ್ದದ್ದು ಎರಡೇ ಕೈ. ಅವರು ತಿರುಗಿ ಗೋಡೆಯ ಕಡೆ ನೋಡಿದರು.

"ಅಮ್ಮ, ಮಗೂನ ಅಲ್ಲಿ ಮಲಗಿಸಿ. ಇಲ್ಲಿ ಬನ್ನಿ. ಕೈ ಕೊಡಿ."

ದ್ಯಾವಮ್ಮ ತಿರುಗಿದರು. ಮಂಚದ ಕಾಲಿನ ಗುಂಟ ಇಳಿದು ಸಿಮೆಂಟು ನೆಲದ ಮೇಲೆ ಸಾಗುತ್ತಿದ್ದ ರಕ್ತವನ್ನು ಅವರು ಆಗಲೇ ನೋಡಿದ್ದು. ಮಗುವನ್ನು ಮೂಲೆಯ ಮೇಜಿನ ಮೇಲೆ ಮಲಗಿಸಿದರು. ಸಿಸ್ಟರ್ ಅವರ ಮುಂಗೈ ಹಿಡಿದೆಳೆದು ಮೀನಾಕ್ಷಿಯ ಹೊಟ್ಟೆಯ ಮೇಲೆ ಒತ್ತಿದರು.

"ಏನು ಸಿಗ್ತದೆ ಕೈಗೆ?"

"ಏನೂ ಇಲ್ಲ ಕಣವ್ವ. ಮೆತ್ಗೈತೆ. ಕಲಸಿದ ಹಿಟ್ಟಿನಂಗೈತೆ."

"ಅದು ಗಟ್ಟಿಯಾಗ್ಬೇಕು. ಸುಲಿದ ತೆಂಗಿನಕಾಯಿ ಹಂಗೆ ಕೈಗೆ ಸಿಕ್ಬೇಕು. ಅಲ್ಲೀವರೆಗೂ ರಕ್ತ ನಿಲ್ಲಲ್ಲ. ಒತ್ತಿ ತಿಕ್ಕಿ. ಅವ್ರು ಏನಂದ್ರೂ ಬಿಡ್ಬೇಡಿ."

ದ್ಯಾವಮ್ಮ ಒತ್ತಿದರು.

ಹೆರುವಾಗಿನ ನೋವಿಗೆ ಒಂದು ಕೊನೆಯಿದೆಯೆಂಬ ನಂಬಿಕೆಯಾದರೂ ಇತ್ತು. ಇದಕ್ಕೆ ಅದೂ ಇರಲಿಲ್ಲ. ಹುಣ್ಣಾದ ಹೊಟ್ಟೆಯೊಳಕ್ಕೆ ಯಾರೋ ಮುಷ್ಟಿ ತೂರಿಸಿ ತಿರುಚಿದಂತಾಗಿ ಮೀನಾಕ್ಷಿ ಕಿರುಚಿದಳು.

"ಬಿಡಿ ಅತ್ತೆ! ಅಯ್ಯೋ ಬಿಡಿ!"

ಕೈ ಬಿಡಲಿಲ್ಲ. ಅವಳು ಆ ಕೈಯನ್ನು ಹಿಡಿದು ತಳ್ಳಿದಳು, ಉಗುರಿನಿಂದ ಗೀರಿದಳು. ಯಾವತ್ತೂ ಬಾಯಿಗೆ ಬಾರದಂಥ ಮಾತುಗಳು ಬಂದವು. ತನ್ನ ದನಿ ಹಾಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. "ಕೊಲ್ತಿದ್ದಾಳೆ, ಈ ಮುದುಕಿ ನನ್ನ ಕೊಲ್ತಿದ್ದಾಳೆ, ಯಾರಾದ್ರೂ ಬನ್ರೋ!"

"ಬೈಯಿ," ಎಂದರು ದ್ಯಾವಮ್ಮ. ಕಣ್ಣಿಂದ ನೀರು ಸುರಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. "ಬೈಯವ್ವ, ನನ್ನ ಏನ್ ಬೇಕಾದ್ರೂ ಬೈಯಿ. ಬಿಡಾಕಿಲ್ಲ ನಾನು."

ಒಂದು ಸಲ ಅವರು, "ಗಟ್ಟಿಯಾತು! ಸಿಸ್ಟ್ರೇ, ಗಟ್ಟಿಯಾತು!" ಎಂದು ಕೂಗಿದರು. ಮರುಗಳಿಗೆಯಲ್ಲೇ ಮುಖ ಇಳಿಯಿತು. "ಇಲ್ಲ... ಮತ್ತೆ ಮೆತ್ಗಾಗೋತು." ಎರಡೂ ಕೈ ಹಾಕಿ, ಮಂಚಕ್ಕೆ ಎದೆಯಾನಿಸಿ, ರಾಗಿಮುದ್ದೆ ತೊಳಸುವವರಂತೆ ಬಾಗಿ ತಿಕ್ಕತೊಡಗಿದರು.

ಆಮೇಲೆ ಮೀನಾಕ್ಷಿಗೆ ನೋವು ದೂರವಾಗುತ್ತ ಹೋಯಿತು. ಅದು ಒಳ್ಳೆಯದೆಂದೇ ಅವಳು ತಿಳಿದಳು. ಬಾಯಿ ಒಣಗಿತು. ತೋಳಿಗೆ ಸೂಜಿ ಚುಚ್ಚಿದ್ದು ಬೇರೆ ಯಾರ ತೋಳಿಗೋ ಚುಚ್ಚಿದಂತಿತ್ತು. ಮೇಲೆ ತಿರುಗುತ್ತಿದ್ದ ಫ್ಯಾನಿನ ರೆಕ್ಕೆಗಳು ಒಂದಕ್ಕೊಂದು ಅಂಟಿಕೊಂಡವು. ಸ್ಟೇಷನ್ನಿನ ಕಡೆಯಿಂದ ರೈಲು ಕೂಗಿದ್ದು ನೀರೊಳಗೆ ಕೂಗಿದಂತೆ ಕೇಳಿತು. ಡಾಕ್ಟರಮ್ಮ ಬಂದದ್ದು, ಹಸಿರು ಗೌನು, "ಯಾರು ಒತ್ತುತ್ತಾ ಇರೋದು? ಸರಿ, ನಿಲ್ಲಿಸ್ಬೇಡಿ, ಹಂಗೇ ಇರ್ಲಿ," ಎಂದದ್ದು, ಯಾರೋ ರಕ್ತದ ಗುಂಪು ಕೂಗಿದ್ದು, ಇವೆಲ್ಲ ಯಾವುದೋ ಕಿಟಕಿಯಾಚೆ ನಡೆಯುತ್ತಿರುವಂತಿದ್ದವು. ಕಿಟಕಿಯ ಈಚೆ ಉಳಿದದ್ದು ಹೊಟ್ಟೆಯ ಮೇಲಿನ ಆ ಕೈ ಒಂದೇ. ಅದು ಒರಟಾಗಿತ್ತು, ಬಿಸಿಯಾಗಿತ್ತು, ಒಂದೇ ಸಮ ಅಮುಕುತ್ತಿತ್ತು. ಅವಳಿಗೆ ಜಾರಿ ಹೋಗಬೇಕೆನ್ನಿಸಿದಾಗಲೆಲ್ಲ ಅದು ನೋಯಿಸಿ ವಾಪಸು ಎಳೆಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರಮ್ಮ ತಾವೇ ಹೊಟ್ಟೆ ಮುಟ್ಟಿ ನೋಡಿದರು. ಕೆಳಗೆ ನೋಡಿದರು. ಮತ್ತೆ ಮುಟ್ಟಿದರು.

"ಈಗ ಕೈ ತೆಗೀರಿ ಅಮ್ಮ. ನಿಂತಿದೆ."

ದ್ಯಾವಮ್ಮ ತೆಗೆಯಲಿಲ್ಲ. ಸಿಸ್ಟರ್ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಸಂಜೆಗೆ ಮಧುಕುಮಾರ್ ವಾರ್ಡಿಗೆ ಬಂದ. ಮನೆಯ ಪಕ್ಕದ ರೇವಣಸಿದ್ದಪ್ಪನವರು ಅವನ ಕಚೇರಿಗೆ ಫೋನು ಮಾಡಿ, "ನಾರ್ಮಲ್ ಆಯ್ತಂತೆ, ಹೆಣ್ಣು ಮಗು," ಎಂದು ತಿಳಿಸಿದ್ದರು. ಅವನು ನಗುತ್ತಲೇ, ಕಿತ್ತಳೆಹಣ್ಣಿನ ಚೀಲ ಹಿಡಿದು ಬಂದವನು, ಕಂಬಿಗೆ ತೂಗುಬಿಟ್ಟ ರಕ್ತದ ಬಾಟಲಿಯನ್ನೂ ಹಾಸಿಗೆಯ ಮೇಲಿನ ಬಿಳಿಚಿದ ಮುಖವನ್ನೂ ಕಂಡು ಬಾಗಿಲಲ್ಲೇ ನಿಂತ.

"ನಾರ್ಮಲ್ ಅಂದ್ರು..." ಎಂದ.

"ನಾರ್ಮಲ್ಲೇ ಕಣಪ್ಪ," ಎಂದರು ದ್ಯಾವಮ್ಮ. ಅವರ ಸೀರೆಯ ಅಂಚು ಮೊಣಕಾಲಿನವರೆಗೂ ರಕ್ತ ಒಣಗಿ ಗಡುಸಾಗಿತ್ತು. ಮುಂಗೈ ಮೇಲೆ ಉಗುರಿನ ಗೀರುಗಳಿದ್ದವು. ಮಗ ಅದೇನೆಂದು ಕೇಳಿದಾಗ ಸೆರಗು ಮುಚ್ಚಿಕೊಂಡರು.

ಮರುದಿನ ಬೆಳಿಗ್ಗೆ ಅವನು ಔಷಧಿ ತರಲು ಹೋದಾಗ ಇಬ್ಬರೇ ಉಳಿದರು. ದ್ಯಾವಮ್ಮ ಒದ್ದೆಬಟ್ಟೆಯಲ್ಲಿ ಸೊಸೆಯ ಕಾಲು ಒರೆಸುತ್ತಿದ್ದರು. ಒರೆಸಿಸಿಕೊಳ್ಳಲು ಮೀನಾಕ್ಷಿಗೆ ಈಗ ನಾಚಿಕೆ ಉಳಿದಿರಲಿಲ್ಲ. ಮಗು ಒಳಗಿಲ್ಲದಿದ್ದರೂ ಹೊಟ್ಟೆ ಇನ್ನೂ ದೊಡ್ಡದಾಗಿಯೇ ಇತ್ತು, ಅದರ ಮೇಲೆ ಬೆರಳ ಗುರುತುಗಳು ನೀಲಿಗಟ್ಟಿದ್ದವು. ಮಗು ಮೊಲೆಗೆ ಬಾಯಿಟ್ಟು ಎಳೆದಾಗಲೆಲ್ಲ ಹೊಟ್ಟೆಯೊಳಗೆ ಮತ್ತೆ ನೋವು ಹಿಂಡುತ್ತಿತ್ತು. ಹಾಗೆ ಹಿಂಡಿದರೇ ಒಳ್ಳೆಯದು, ಗರ್ಭಕೋಶ ಕುಗ್ಗುತ್ತಿದೆ ಅಂತ ಅರ್ಥ ಎಂದು ಸಿಸ್ಟರ್ ಹೇಳಿ ಹೋಗಿದ್ದರು. ಅದೂ ಅವಳಿಗೆ ಹೊಸತೇ.

"ಬಾಯಿಗೆ ಬಂದಂಗೆ ಬೈದ್ಬಿಟ್ಟೆ ಅತ್ತೆ."

"ಬೈದ್ರೆ ಏನಾಯ್ತದೆ? ಉಸಿರಿದ್ದೋರು ಬೈತಾರೆ."

ಮೀನಾಕ್ಷಿ ಕೇಳಿದಳು, "ಹಿಂಗೆಲ್ಲ ಆಗುತ್ತೆ ಅಂತ ನೀವಾದ್ರೂ ಒಂದ್ ಮಾತು ಹೇಳ್ಬೋದಿತ್ತಲ್ಲ?"

"ನಂಗೇನ್ ಗೊತ್ತಿತ್ತವ್ವ? ಮೂರು ಹೆತ್ತೆ. ಬಾಗ್ಲು ಹಾಕ್ಕಂಡು, ಕತ್ಲೇಲಿ, ಕಣ್ ಮುಚ್ಕಂಡು. ಒಂದನ್ನೂ ನೋಡ್ನಿಲ್ಲ." ಬಟ್ಟೆ ಹಿಂಡುತ್ತಿದ್ದ ಅವರ ಕೈ ನಿಂತಿತು. "ನಮ್ಮಕ್ಕ ಒಬ್ಳಿದ್ಲು. ಹೆತ್ಲು, ಮಗು ಅಳ್ತು, ಎಲ್ರೂ ನಕ್ರು. ಆಮ್ಯಾಕೆ ಚಳಿ ಚಳಿ ಅಂದ್ಲು. ಕಂಬಳಿ ತಂದು ಹೊದಿಸಿದ್ವಿ. ಇನ್ನೂ ಚಳಿ ಅಂದ್ಲು, ಇನ್ನೊಂದು ಹೊದಿಸಿದ್ವಿ. ನಾನೇ ಕಾಲ ಹತ್ರ ಅಮುಕಿ ಹೊದಿಸ್ದೆ. ಮಾತು ನಿಂತ್ಮೇಲೆ, ನಿದ್ದೆ ಬಂತು ಅಂದ್ಕಂಡ್ವಿ. ಅವ್ಳು ಏಳ್ನೇ ಇಲ್ಲ. ಗಾಳಿ ಸೋಕ್ತು ಅಂದ್ರು ಎಲ್ರೂ. ನಾನೂ ಇಷ್ಟ್ ವರ್ಸ ಗಾಳಿ ಅಂತ್ಲೇ ಅಂದ್ಕಂಡಿದ್ದೆ."

"ನೆನ್ನೆ ನಿನ್ನ ನೋಡ್ದಾಗ..." ಎಂದರು ದ್ಯಾವಮ್ಮ. ತಮ್ಮ ಅಂಗೈಯನ್ನು ಬೇರೆಯವರದೆಂಬಂತೆ ತಿರುಗಿಸಿ ನೋಡಿಕೊಂಡರು. "ಕಂಬಳಿ ಎತ್ತಿ ನೋಡ್ನಿಲ್ಲ ಕಣವ್ವ ನಾವು. ಒಬ್ರೂ ಎತ್ತಿ ನೋಡ್ನಿಲ್ಲ."

ಬಕೆಟ್ ಎತ್ತಿಕೊಂಡು ನೀರು ಚೆಲ್ಲಲು ಹೋದರು. ಬರುವುದು ತಡವಾಯಿತು. ಬಂದಾಗ ಮುಖ ತೊಳೆದುಕೊಂಡಿದ್ದರು.

ಮಧ್ಯಾಹ್ನದ ಹೊತ್ತಿಗೆ ವಾರ್ಡು ನಿಶ್ಶಬ್ದವಾಯಿತು. ದ್ಯಾವಮ್ಮ ಮಂಚದ ಪಕ್ಕ ನೆಲದ ಮೇಲೆ ಟವೆಲ್ಲು ಹಾಸಿಕೊಂಡು ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋಗಿದ್ದರು. ಮಗು ಎದ್ದು ಮುಲುಗಿತು. ಅತ್ತೆಯನ್ನು ಕರೆಯಬೇಕೆಂದು ಮೀನಾಕ್ಷಿ ಮಗ್ಗುಲಾಗಿ ಕೆಳಗೆ ನೋಡಿದಳು.

ದ್ಯಾವಮ್ಮನ ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಬಾಯಿ ಅರೆ ತೆರೆದು ಗಾಢ ನಿದ್ದೆಯಲ್ಲಿದ್ದರೂ ಬೆರಳುಗಳು ಮಾತ್ರ ಮೆಲ್ಲಗೆ ಮಡಿಸಿಕೊಳ್ಳುತ್ತಿದ್ದವು, ಬಿಡುತ್ತಿದ್ದವು, ಮತ್ತೆ ಮಡಿಸಿಕೊಳ್ಳುತ್ತಿದ್ದವು.

ಮೀನಾಕ್ಷಿ ಕರೆಯಲಿಲ್ಲ. ಹಲ್ಲು ಕಚ್ಚಿ, ಹೊಲಿಗೆ ಎಳೆದರೂ ಸದ್ದು ಮಾಡದೆ, ಮೊಣಕೈಯೂರಿ ಎದ್ದಳು. ಒಂದು ಕೈಯನ್ನು ಆ ಉದ್ದ ತಲೆಯ ಕೆಳಗೆ ತೂರಿಸಿ ಮಗುವನ್ನು ತಾನೇ ಎತ್ತಿಕೊಂಡಳು.